ಡಬ್ಬದೊಳಗಿನ ಆರ್ಜಿನಿನ್ ರಕ್ತನಾಳವನ್ನು ತಲುಪುವುದೇ?

ಮೂರು ತಿಂಗಳ ಹಿಂದೆ ನನ್ನ ಅಕ್ಕನ ಮಗ ಒಂದು ದೊಡ್ಡ ಡಬ್ಬವನ್ನು ತಂದು ಮೇಜಿನ ಮೇಲಿಟ್ಟು, ‘ಮಾವ, ಇದರ ಮೇಲೆ ಬರೆದಿರುವುದೆಲ್ಲ ನಿಜವೇ?’ ಎಂದು ಕೇಳಿದ. ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ನೀರಿಗೆ ಬೆರೆಸಿ ಕುಡಿಯುವ, ಜಿಮ್ಮಿನವರು ಪ್ರೀ-ವರ್ಕೌಟ್ ಎಂದು ಕರೆಯುವ ಪುಡಿ ಅದು. ಎಲ್-ಆರ್ಜಿನಿನ್, ಎಲ್-ಸಿಟ್ರುಲಿನ್, ಬೀಟಾ-ಅಲನಿನ್ ಎಂಬ ಹೆಸರುಗಳ ಮೇಲ್ಗಡೆ ‘ನೈಟ್ರಿಕ್ ಆಕ್ಸೈಡ್’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಅಷ್ಟರಲ್ಲಿ ಒಳಗಿನಿಂದ ಬಂದ ಭಾವ, ಎರಡು ವರ್ಷದ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರು, ಡಬ್ಬವನ್ನು ತಿರುಗಿಸಿ ನೋಡಿ, ‘ರಕ್ತ ಸಂಚಾರಕ್ಕೆ ಒಳ್ಳೆಯದು ಅಂತ ಇದೆಯಲ್ಲ, ಹಾಗಾದರೆ ನನಗೂ ದಿನಕ್ಕೊಂದು ಚಮಚ ಆಗಬಹುದೇ?’ ಎಂದರು. ಡಬ್ಬ ಒಂದೇ ಆದರೂ ಮಗನಿಗೆ ಹೇಳಬೇಕಾದ ಉತ್ತರ ಬೇರೆ, ತಂದೆಗೆ ಹೇಳಬೇಕಾದ ಉತ್ತರ ಬೇರೆ. ಮುಂದಿನ ಸಾಲಿನಲ್ಲಿ ಬೆಳಗಿನ ನಡಿಗೆಯ ಹಿರಿಯರೂ ಹಿಂದಿನ ಸಾಲಿನಲ್ಲಿ ಜಿಮ್ಮಿನ ಹುಡುಗರೂ ಕುಳಿತಿರುವ ಈ ಸಭೆಯಲ್ಲಿ ಅವೆರಡನ್ನೂ ಸ್ವಲ್ಪ ವಿವರವಾಗಿಯೇ ಹೇಳಬೇಕೆಂದಿದ್ದೇನೆ.

ನೀವು ಈಗ ಸುಮ್ಮನೆ ಕುಳಿತು ಕೇಳುತ್ತಿರುವಾಗ ನಿಮ್ಮ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತಿದೆ; ಅದರಲ್ಲಿ ಐದನೆಯ ಒಂದು ಭಾಗ ಮಾತ್ರ ಸ್ನಾಯುಗಳಿಗೆ ಹೋಗುತ್ತಿದೆ. ಎದ್ದು ಜೋರಾಗಿ ಓಡತೊಡಗಿದರೆ ಈ ಪ್ರಮಾಣ 20 ಲೀಟರ್‌ಗೂ ಮೇಲೇರಬಹುದು, ಮತ್ತು ಅದರ ಐದರಲ್ಲಿ ನಾಲ್ಕು ಪಾಲು ಸ್ನಾಯುಗಳಿಗೇ ಸಲ್ಲುತ್ತದೆ. ಹೃದಯ ಜೋರಾಗಿ ಬಡಿದ ಮಾತ್ರಕ್ಕೆ ಹೀಗಾಗುವುದಿಲ್ಲ. ಕೆಲಸ ಮಾಡುತ್ತಿರುವ ಕಡೆಯ ಸಣ್ಣ ಅಪಧಮನಿಗಳು ಹಿಗ್ಗಬೇಕು, ಕೆಲಸವಿಲ್ಲದ ಕಡೆಯವು ಕುಗ್ಗಬೇಕು. ತೋಟಕ್ಕೆ ಪೈಪು ಎಳೆದವರಿಗೆ ಈ ಲೆಕ್ಕ ಬೇಗ ಹಿಡಿಸುತ್ತದೆ: ಒತ್ತಡ ಅಷ್ಟೇ ಇದ್ದು ಕೊಳವೆಯ ತ್ರಿಜ್ಯ ಶೇಕಡಾ 10ರಷ್ಟು ಹೆಚ್ಚಿದರೆ ಹರಿವು ಶೇಕಡಾ 10ರಷ್ಟಲ್ಲ, ಸುಮಾರು 46ರಷ್ಟು ಹೆಚ್ಚುತ್ತದೆ, ಏಕೆಂದರೆ ನಯವಾದ ಹರಿವು ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ರಕ್ತನಾಳ ಕೂದಲೆಳೆಯಷ್ಟು ಹಿಗ್ಗಿದರೂ ದೇಹಕ್ಕೆ ಅದು ದೊಡ್ಡ ಸಂಗತಿಯಾಗುವುದು ಇದರಿಂದಲೇ.

ಹಿಗ್ಗು ಎಂದು ನಾಳಕ್ಕೆ ಹೇಳುವವರು ಯಾರು? 1980ರವರೆಗೆ ಇದಕ್ಕೆ ಸರಿಯಾದ ಉತ್ತರವಿರಲಿಲ್ಲ. ಅಮೆರಿಕದ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಎಂಬ ವಿಜ್ಞಾನಿ ಮೊಲದ ಮಹಾಪಧಮನಿಯ ತುಣುಕುಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಜೀವಂತ ಪ್ರಾಣಿಯಲ್ಲಿ ರಕ್ತನಾಳವನ್ನು ಸಡಿಲಗೊಳಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಪ್ರಯೋಗಶಾಲೆಯ ಬಟ್ಟಲಿನಲ್ಲಿ ಅದೇ ರಾಸಾಯನಿಕ ಆ ತುಣುಕನ್ನು ಸಡಿಲಿಸುವ ಬದಲು ಬಿಗಿಯಾಗಿಸುತ್ತಿತ್ತು. ಕಾರಣ ಹುಡುಕುತ್ತಾ ಹೋದಾಗ ತಿಳಿದದ್ದು ಇಷ್ಟು: ತುಣುಕನ್ನು ಕತ್ತರಿಸಿ ಸಿದ್ಧಪಡಿಸುವಾಗ ನಾಳದ ಒಳಮೈ ಉಜ್ಜಿಹೋಗುತ್ತಿತ್ತು. ಒಳಮೈಯನ್ನು ಹೊದ್ದಿರುವ, ಒಂದೇ ಒಂದು ಜೀವಕೋಶದಷ್ಟು ದಪ್ಪದ ಎಂಡೋಥೀಲಿಯಂ ಎಂಬ ಪೊರೆಯನ್ನು ಕೆಡದಂತೆ ಉಳಿಸಿಕೊಂಡಾಗ ನಾಳ ಸಡಿಲವಾಯಿತು. ಫರ್ಚ್‌ಗಾಟ್ ಅಲ್ಲಿಗೇ ನಿಲ್ಲಲಿಲ್ಲ. ಪೊರೆಯಿರುವ ಒಂದು ಪಟ್ಟಿಯನ್ನೂ ಪೊರೆ ಕಿತ್ತ ಇನ್ನೊಂದು ಪಟ್ಟಿಯನ್ನೂ ಮುಖಕ್ಕೆ ಮುಖ ತಾಗಿಸಿ ಇಟ್ಟರು. ಆಗ ಪೊರೆಯಿಲ್ಲದ ಪಟ್ಟಿಯೂ ಸಡಿಲವಾಯಿತು. ಹಾಗಾದರೆ ಒಂದರಿಂದ ಇನ್ನೊಂದಕ್ಕೆ ಏನೋ ದಾಟಿಹೋಗಿದೆ ಎಂದೇ ಅರ್ಥ. ಇಷ್ಟು ಸರಳವಾದ ಉಪಕರಣಗಳಿಂದ ಇಷ್ಟು ದೂರ ಹೋದ ಪ್ರಯೋಗ ನನಗೆ ತಿಳಿದಂತೆ ಬಹಳ ಅಪರೂಪ. ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಇದನ್ನು ಹೇಳುತ್ತೇನೆ, ಹೇಳುವಾಗ ನನಗೇ ಪ್ರತಿಸಲವೂ ಸಂತೋಷವಾಗುತ್ತದೆ.

ದಾಟಿಹೋದ ಆ ವಸ್ತು ಯಾವುದು ಎಂಬುದು ಗೊತ್ತಾಗಲು ಇನ್ನೂ ಏಳು ವರ್ಷ ಬೇಕಾಯಿತು. ಅದು ಪ್ರೋಟೀನೂ ಅಲ್ಲ, ಹಾರ್ಮೋನೂ ಅಲ್ಲ. ವಾಹನಗಳ ಹೊಗೆಯಲ್ಲಿಯೂ ಇರುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ. 1987ರಲ್ಲಿ ಇಂಗ್ಲೆಂಡಿನಲ್ಲಿ ಸಾಲ್ವಡಾರ್ ಮೊಂಕಾಡ ಅವರ ತಂಡವೂ ಅಮೆರಿಕದಲ್ಲಿ ಲೂಯಿಸ್ ಇಗ್ನಾರೊ ಅವರ ತಂಡವೂ ಇದನ್ನು ತೋರಿಸಿದವು. ಇದಕ್ಕೆ ಹತ್ತು ವರ್ಷ ಮೊದಲೇ ಫರೀದ್ ಮುರಾದ್ ಎಂಬುವರು, ನೈಟ್ರೋಗ್ಲಿಸರಿನ್ ಔಷಧ ಕೆಲಸ ಮಾಡುವುದು ಇದೇ ಅನಿಲವನ್ನು ಬಿಡುಗಡೆ ಮಾಡುವ ಮೂಲಕ ಎಂದು ಕಂಡುಕೊಂಡಿದ್ದರು. ನೈಟ್ರೋಗ್ಲಿಸರಿನ್ ಎಂದರೆ ಡೈನಮೈಟಿನ ಒಳಗಿರುವ ಸ್ಫೋಟಕ. ಆ ಕಾರ್ಖಾನೆಗಳ ಕೆಲಸಗಾರರಿಗೆ ಭಾನುವಾರದ ರಜೆ ಮುಗಿಸಿ ಬಂದ ಸೋಮವಾರ ವಿಪರೀತ ತಲೆನೋವು ಬರುತ್ತಿತ್ತು; ಮೆದುಳಿನ ಸುತ್ತಲಿನ ರಕ್ತನಾಳಗಳು ಹಿಗ್ಗುತ್ತಿದ್ದುದೇ ಅದಕ್ಕೆ ಕಾರಣ. ಡೈನಮೈಟಿನಿಂದ ಸಿರಿವಂತನಾದ ಆಲ್ಫ್ರೆಡ್ ನೊಬೆಲ್‌ಗೆ ಕೊನೆಗಾಲದಲ್ಲಿ ಎದೆನೋವು ಬಂದಾಗ ವೈದ್ಯರು ಬರೆದುಕೊಟ್ಟದ್ದು ಅದೇ ನೈಟ್ರೋಗ್ಲಿಸರಿನ್. ವಿಧಿಯ ಈ ಕುಚೋದ್ಯವನ್ನು ಆತ 1896ರ ಒಂದು ಪತ್ರದಲ್ಲಿ ತಾನೇ ಬರೆದುಕೊಂಡಿದ್ದಾನೆ. ನೂರೆರಡು ವರ್ಷಗಳ ನಂತರ, 1998ರಲ್ಲಿ, ಅವನ ಹೆಸರಿನ ಬಹುಮಾನ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ ಸಂದಿತು. ಮೊಂಕಾಡ ಅವರ ಹೆಸರು ಅದರಲ್ಲಿ ಇಲ್ಲದಿದ್ದದ್ದು ಹಲವರಿಗೆ ಬೇಸರ ತಂದಿತು, ನನಗೂ ತಂದಿತು.

ಏಕೆಂದರೆ ನಮ್ಮ ಇಂದಿನ ಡಬ್ಬದ ಮೂಲ ಇರುವುದು ಮೊಂಕಾಡ ತಂಡದ 1988ರ ಕೆಲಸದಲ್ಲಿ. ಎಂಡೋಥೀಲಿಯಂ ಈ ಅನಿಲವನ್ನು ಯಾವುದರಿಂದ ತಯಾರಿಸುತ್ತದೆ ಎಂದು ಹುಡುಕಿದಾಗ ಅವರಿಗೆ ದೊರೆತದ್ದು ಆರ್ಜಿನಿನ್ ಎಂಬ ಅಮೈನೋ ಆಮ್ಲ, ಅಂದರೆ ಪ್ರೋಟೀನು ಕಟ್ಟುವ ಇಟ್ಟಿಗೆಗಳಲ್ಲಿ ಒಂದು. ಒಂದು ಕಿಣ್ವ ಆರ್ಜಿನಿನ್ನಿಂದ ಸಾರಜನಕವನ್ನು ಕಳಚಿ, ಆಮ್ಲಜನಕದೊಂದಿಗೆ ಕೂಡಿಸಿ ನೈಟ್ರಿಕ್ ಆಕ್ಸೈಡ್ ಮಾಡುತ್ತದೆ, ಉಳಿಯುವುದು ಸಿಟ್ರುಲಿನ್. ಇಲ್ಲಿಂದ ವ್ಯಾಪಾರದ ತರ್ಕ ತಾನಾಗಿಯೇ ಹುಟ್ಟಿಕೊಂಡಿತು: ಆರ್ಜಿನಿನ್ ಹೆಚ್ಚು ತಿಂದರೆ ಅನಿಲ ಹೆಚ್ಚುತ್ತದೆ, ಅನಿಲ ಹೆಚ್ಚಿದರೆ ನಾಳ ಹಿಗ್ಗುತ್ತದೆ, ನಾಳ ಹಿಗ್ಗಿದರೆ ಸ್ನಾಯುವಿಗೆ ರಕ್ತ ಹೆಚ್ಚುತ್ತದೆ. ಪ್ರತಿಯೊಂದು ಹೆಜ್ಜೆಯೂ ಪಠ್ಯಪುಸ್ತಕದಲ್ಲಿ ಇರುವಂಥದ್ದೇ. ಅಂದಹಾಗೆ, ನೈಟ್ರಿಕ್ ಆಕ್ಸೈಡ್ ಎಂದು ಎಷ್ಟೇ ದಪ್ಪಕ್ಷರದಲ್ಲಿ ಬರೆದಿದ್ದರೂ ಡಬ್ಬದೊಳಗೆ ಅದು ಇರುವುದಿಲ್ಲ. ದೇಹದಲ್ಲಿ ಅದರ ಆಯುಸ್ಸು ಕೆಲವೇ ಸೆಕೆಂಡುಗಳು.

ಈ ತರ್ಕ ಎಲ್ಲಿ ಸಡಿಲುತ್ತದೆ ನೋಡಿ. ಸಾಮಾನ್ಯ ಊಟ ಮಾಡುವ ಮನುಷ್ಯನಿಗೆ ದಿನಕ್ಕೆ 4ರಿಂದ 6 ಗ್ರಾಂ ಆರ್ಜಿನಿನ್ ಆಹಾರದಿಂದಲೇ ಸಿಗುತ್ತದೆ. ಶೇಂಗಾ ಇದಕ್ಕೆ ಒಳ್ಳೆಯ ಮೂಲ. ಒಂದು ಹಿಡಿ, ಅಂದರೆ 30 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 0.9 ಗ್ರಾಂ ಇದೆ. ನುಂಗಿದ ಆರ್ಜಿನಿನ್ ನೇರವಾಗಿ ರಕ್ತನಾಳಕ್ಕೆ ಹೋಗುವುದಿಲ್ಲ. ಸಣ್ಣ ಕರುಳಿನ ಗೋಡೆಯಲ್ಲಿಯೂ ಯಕೃತ್ತಿನಲ್ಲಿಯೂ ಆರ್ಜಿನೇಸ್ ಎಂಬ ಕಿಣ್ವ ಕಾದು ಕುಳಿತಿದೆ. ಅದು ಆರ್ಜಿನಿನ್ನನ್ನು ಒಡೆದು ಯೂರಿಯಾ ಮಾಡುತ್ತದೆ, ಯೂರಿಯಾ ಮೂತ್ರದಲ್ಲಿ ಹೊರಟುಹೋಗುತ್ತದೆ. ನೀವು ನುಂಗಿದ್ದರ ಅರ್ಧದಷ್ಟು ಈ ಸುಂಕದಕಟ್ಟೆಯಲ್ಲಿಯೇ ಮುಗಿದುಹೋಗುತ್ತದೆ. ಸುಂಕ ತೆತ್ತು ಉಳಿದದ್ದು ಜೀವಕೋಶವನ್ನು ತಲುಪಿದರೂ ಅಲ್ಲಿ ಇನ್ನೊಂದು ತೊಡಕು ಇದೆ. ಅನಿಲ ತಯಾರಿಸುವ ಕಿಣ್ವಕ್ಕೆ ಬೇಕಾಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಆರ್ಜಿನಿನ್ ಆರೋಗ್ಯವಂತರ ಜೀವಕೋಶದಲ್ಲಿ ಮೊದಲೇ ಇರುತ್ತದೆ. ತುಂಬಿ ಹರಿಯುತ್ತಿರುವ ಕೆರೆಗೆ ಇನ್ನೊಂದು ಟ್ಯಾಂಕರ್ ನೀರು ಸುರಿದರೆ ತೂಬಿನಲ್ಲಿ ಹರಿವು ಹೆಚ್ಚುವುದಿಲ್ಲ. ಇಷ್ಟಾದರೂ ಕೆಲವು ರೋಗಿಗಳಲ್ಲಿ ಆರ್ಜಿನಿನ್ ಕೊಟ್ಟಾಗ ನಾಳ ಹಿಗ್ಗುವುದು ಕಂಡುಬಂದಿದೆ. ಇದಕ್ಕೆ ವಿಜ್ಞಾನಿಗಳು ಆರ್ಜಿನಿನ್ ವಿರೋಧಾಭಾಸ ಎಂದೇ ಹೆಸರಿಟ್ಟಿದ್ದಾರೆ. ಆ ಕಿಣ್ವಕ್ಕೆ ಅಡ್ಡಿಮಾಡುವ ಎಡಿಎಂಎ ಎಂಬ ಒಂದು ವಸ್ತು ಮಧುಮೇಹ, ಅಧಿಕ ಕೊಲೆಸ್ಟರಾಲ್, ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ಹೆಚ್ಚಿರುತ್ತದೆ, ಅಂಥವರಲ್ಲಿ ಹೆಚ್ಚುವರಿ ಆರ್ಜಿನಿನ್ ಆ ಅಡ್ಡಿಯನ್ನು ಪಕ್ಕಕ್ಕೆ ತಳ್ಳುತ್ತದೆ ಎಂಬುದು ಒಂದು ವಿವರಣೆ. ಅಂದರೆ ಈ ಪುಡಿಯಿಂದ ಏನಾದರೂ ಆಗುವ ಸಂಭವ ಹೆಚ್ಚಿರುವುದು ನಾಳ ಕೆಟ್ಟವರಲ್ಲಿ. ಅದನ್ನು ಹೆಚ್ಚಾಗಿ ಕೊಳ್ಳುವವರು ನಾಳ ಚೆನ್ನಾಗಿರುವ ಇಪ್ಪತ್ತರ ಹುಡುಗರು.

ಹಾಗಾದರೆ ನಾಳ ಕೆಟ್ಟವರು ತೆಗೆದುಕೊಳ್ಳಬಹುದಲ್ಲ ಎಂದು ಭಾವನಂತೆ ನೀವೂ ಕೇಳಬಹುದು. ಇಲ್ಲಿ ದಯವಿಟ್ಟು ಸ್ವಲ್ಪ ಗಮನವಿಟ್ಟು ಕೇಳಿ. ರಕ್ತದೊತ್ತಡದ ಮಟ್ಟಿಗೆ ಆರ್ಜಿನಿನ್ ಸ್ವಲ್ಪ ಇಳಿಕೆ ತರುತ್ತದೆ; ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆಯಲ್ಲಿ ಮೇಲಿನ ಅಂಕೆ ಸುಮಾರು 5 ಮಿ.ಮೀ.ನಷ್ಟು ಇಳಿದಿತ್ತು. ಆದರೆ ಕಾಲಿನ ಅಪಧಮನಿ ಕಟ್ಟಿಕೊಂಡು ನಡೆಯುವಾಗ ಮೀನಖಂಡ ನೋಯುವ 133 ರೋಗಿಗಳ ಮೇಲೆ ಆರು ತಿಂಗಳು ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ 3 ಗ್ರಾಂ ಆರ್ಜಿನಿನ್ ತೆಗೆದುಕೊಂಡವರ ನಡಿಗೆ ಹುಸಿಮದ್ದು, ಅಂದರೆ ನೋಡಲು ಹಾಗೆಯೇ ಇದ್ದು ಔಷಧವಿಲ್ಲದ್ದನ್ನು, ತೆಗೆದುಕೊಂಡವರಿಗಿಂತ ಉತ್ತಮಗೊಳ್ಳಲಿಲ್ಲ. ಇದಕ್ಕಿಂತ ಕಳವಳಕಾರಿಯಾದದ್ದು 2006ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯರು ಪ್ರಕಟಿಸಿದ ಅಧ್ಯಯನ. ಆಗತಾನೆ ಹೃದಯಾಘಾತವಾಗಿದ್ದ 153 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಆರ್ಜಿನಿನ್ನನ್ನು ದಿನಕ್ಕೆ ಮೂರು ಬಾರಿ 3 ಗ್ರಾಂವರೆಗೆ ಏರಿಸಿ ಕೊಟ್ಟರು, ಉಳಿದವರಿಗೆ ಹುಸಿಮದ್ದು. ರಕ್ತನಾಳದ ಬಿಗಿತ ಕಡಿಮೆಯಾಗಲಿಲ್ಲ, ಹೃದಯದ ಬಲವೂ ಹೆಚ್ಚಲಿಲ್ಲ. ಆರ್ಜಿನಿನ್ ಗುಂಪಿನಲ್ಲಿ ಆರು ಮಂದಿ ತೀರಿಕೊಂಡರು. ಹುಸಿಮದ್ದಿನ ಗುಂಪಿನಲ್ಲಿ ಒಬ್ಬರೂ ಇಲ್ಲ. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಸಂಖ್ಯೆ ಚಿಕ್ಕದು, ಕಾಕತಾಳೀಯವೂ ಇರಬಹುದು ಎಂದು ವಾದಿಸುವವರಿದ್ದಾರೆ, ಮತ್ತು ಆ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕಾಯಿಲೆ ಬಿದ್ದ ಎಂಡೋಥೀಲಿಯಂನಲ್ಲಿ ಸಹಾಯಕ ವಸ್ತುಗಳು ಸಾಲದೆ ಹೋದಾಗ ಅದೇ ಕಿಣ್ವ ನೈಟ್ರಿಕ್ ಆಕ್ಸೈಡಿನ ಬದಲು ನಾಳಕ್ಕೆ ಹಾನಿಮಾಡುವ ಸೂಪರ್‌ಆಕ್ಸೈಡ್ ಉಗುಳಬಲ್ಲದು ಎಂಬುದು ಗೊತ್ತಿರುವಾಗ, ಸ್ಟೆಂಟ್ ಹಾಕಿಸಿಕೊಂಡ ಭಾವನ ಕೈಗೆ ಆ ಚಮಚ ಕೊಡಲು ನನಗಂತೂ ಧೈರ್ಯವಿಲ್ಲ. ಎದೆನೋವಿಗೆ ನಾಲಿಗೆಯಡಿ ಮಾತ್ರೆ ಇಟ್ಟುಕೊಳ್ಳುವವರೂ ರಕ್ತದೊತ್ತಡದ ಮಾತ್ರೆ ನುಂಗುವವರೂ ಲೈಂಗಿಕ ದೌರ್ಬಲ್ಯಕ್ಕೆ ಸಿಲ್ಡೆನಾಫಿಲ್ ಮಾತ್ರೆ ಬಳಸುವವರೂ ಇದರ ಜೊತೆಗೆ ಇಂಥ ಪುಡಿ ಸೇರಿಸಿಕೊಂಡರೆ ಒತ್ತಡ ಅತಿಯಾಗಿ ಇಳಿದು ತಲೆಸುತ್ತಿ ಬೀಳುವ ಅಪಾಯವೂ ಇದೆ.

ಈಗ ಸಿಟ್ರುಲಿನ್ ವಿಷಯಕ್ಕೆ ಬರುತ್ತೇನೆ. ಡಬ್ಬದ ಪಟ್ಟಿಯಲ್ಲಿ ನನಗೆ ಸ್ವಲ್ಪ ಮರ್ಯಾದೆ ಇರುವುದು ಇದರ ಮೇಲೆ. 1914ರಲ್ಲಿ ಜಪಾನಿನ ಕೋಗಾ ಮತ್ತು ಒಡಾಕೆ ಎಂಬುವರು ಇದನ್ನು ಕಲ್ಲಂಗಡಿ ಹಣ್ಣಿನಿಂದ ಬೇರ್ಪಡಿಸಿದರು. ಕಲ್ಲಂಗಡಿಯ ಶಾಸ್ತ್ರೀಯ ಹೆಸರು ಸಿಟ್ರುಲಸ್ ಆದ್ದರಿಂದ ಆ ಹೆಸರು ಬಂತು. ಇದರ ವಿಶೇಷವೆಂದರೆ ಯಕೃತ್ತು ಇದನ್ನು ಮುಟ್ಟದೆ ಬಿಟ್ಟುಬಿಡುತ್ತದೆ. ಸಿಟ್ರುಲಿನ್ ಸುಂಕದಕಟ್ಟೆಯನ್ನು ದಾಟಿ ಮೂತ್ರಪಿಂಡಕ್ಕೆ ಹೋಗಿ, ಅಲ್ಲಿ ಆರ್ಜಿನಿನ್ ಆಗಿ ರೂಪುಗೊಂಡು ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಆರ್ಜಿನಿನ್ ಹೆಚ್ಚಿಸಬೇಕಿದ್ದರೆ ಆರ್ಜಿನಿನ್ ತಿನ್ನುವುದಕ್ಕಿಂತ ಸಿಟ್ರುಲಿನ್ ತಿನ್ನುವುದೇ ಮೇಲು ಎಂಬ ವಿಚಿತ್ರ ಸತ್ಯ ಹೀಗೆ ಹೊರಬಿತ್ತು. ಆರ್ಜಿನಿನ್ ಒಮ್ಮೆಗೇ 9 ಗ್ರಾಂ ಮೀರಿದರೆ ಹಲವರಿಗೆ ಹೊಟ್ಟೆ ಕೆಡುತ್ತದೆ; ಸಿಟ್ರುಲಿನ್‌ನಲ್ಲಿ ಆ ಕಾಟ ಕಡಿಮೆ. ಹಾಗಾದರೆ ಕಲ್ಲಂಗಡಿಯನ್ನೇ ತಿನ್ನೋಣವೆಂದು ಯಾರೋ ನಗುತ್ತಿದ್ದೀರಿ. ಧಾರಾಳವಾಗಿ ತಿನ್ನಿ, ಆದರೆ ಲೆಕ್ಕ ಹೀಗಿದೆ: ಒಂದು ಕಿಲೋ ಹಣ್ಣಿನಲ್ಲಿ ಸುಮಾರು 2 ಗ್ರಾಂ ಸಿಟ್ರುಲಿನ್ ಇದೆಯೆಂದಿಟ್ಟುಕೊಂಡರೆ, ಪ್ರಯೋಗಗಳಲ್ಲಿ ಬಳಸುವ 6 ಗ್ರಾಂಗೆ ಮೂರು ಕಿಲೋ ಹಣ್ಣು ತಿಂದು ಓಟಕ್ಕೆ ಹೊರಡಬೇಕಾಗುತ್ತದೆ.

ವ್ಯಾಯಾಮದಲ್ಲಿ ಇದರ ಫಲವೇನು? 2010ರಲ್ಲಿ ಪ್ರಕಟವಾದ, ಈಗಲೂ ಜಾಹೀರಾತುಗಳಲ್ಲಿ ಸುತ್ತುತ್ತಿರುವ ಅಧ್ಯಯನವೊಂದರಲ್ಲಿ 41 ಮಂದಿ ಗಂಡಸರು 8 ಗ್ರಾಂ ಸಿಟ್ರುಲಿನ್ ಮ್ಯಾಲೇಟ್ ಕುಡಿದು ಬೆಂಚ್ ಪ್ರೆಸ್ ಮಾಡಿದರು. ಕೊನೆಯ ಸೆಟ್ಟಿನಲ್ಲಿ ಅವರು ಎತ್ತಿದ ಸಲಗಳು ಅರ್ಧಕ್ಕಿಂತ ಹೆಚ್ಚು ಏರಿದವು, ಮರುದಿನದ ಮೈಕೈ ನೋವು ಶೇಕಡಾ 40ರಷ್ಟು ತಗ್ಗಿತು ಎಂದು ವರದಿಯಾಯಿತು. ನಂತರ ಬಂದ ಅಧ್ಯಯನಗಳು ಅಷ್ಟು ಉದಾರವಾಗಿಲ್ಲ. ಕೆಲವು ಸಣ್ಣ ಲಾಭ ತೋರಿಸಿದವು, ಕೆಲವು ಏನೂ ಇಲ್ಲವೆಂದವು. ಡಬ್ಬದ ಬೆನ್ನನ್ನು ಓದುವಾಗ ಇನ್ನೊಂದು ಸಂಗತಿ ನೆನಪಿರಲಿ. ಸಿಟ್ರುಲಿನ್ ಮ್ಯಾಲೇಟ್ ಎಂದರೆ ಸಿಟ್ರುಲಿನ್ ಮತ್ತು ಮ್ಯಾಲಿಕ್ ಆಮ್ಲದ ಜೋಡಿ. ತೂಕದಲ್ಲಿ ಎರಡಕ್ಕೆ ಒಂದರ ಜೋಡಿಯಾದರೆ 8 ಗ್ರಾಂನಲ್ಲಿ ಸಿಟ್ರುಲಿನ್ ಇರುವುದು 5.3 ಗ್ರಾಂ ಮಾತ್ರ. ನನ್ನ ಸೋದರಳಿಯನ ಡಬ್ಬದಲ್ಲಿ ಒಂದು ಸ್ಕೂಪಿಗೆ ಇದ್ದದ್ದು 2 ಗ್ರಾಂ. ‘ಆದರೆ ಮಾವ, ಪಂಪ್ ಬರುತ್ತದಲ್ಲ’ ಎಂದು ತೋಳು ತೋರಿಸಿದ. ಭಾರ ಎತ್ತಿದ ಸ್ನಾಯು ಊದಿಕೊಂಡಂತೆ ಕಾಣುವುದು ಪುಡಿ ಕುಡಿಯದವರಿಗೂ ಆಗುತ್ತದೆ; ಕೆಲಸ ಮಾಡುವ ಸ್ನಾಯುವಿನಲ್ಲಿ ನಾಳಗಳು ಹಿಗ್ಗಿ, ರಕ್ತದ ನೀರಿನಂಶ ಜೀವಕೋಶಗಳ ನಡುವೆ ಇಳಿಯುವುದರಿಂದ ಬರುವ, ಗಂಟೆಯೊಳಗೆ ಇಳಿದುಹೋಗುವ ಊತ ಅದು. ಪುಡಿ ಕುಡಿದಾಗ ಬರುವ ಹುಮ್ಮಸ್ಸಿಗೂ ಅಮೈನೋ ಆಮ್ಲ ಕಾರಣವಲ್ಲ. ಪಟ್ಟಿಯ ಕೆಳಗಡೆ ಸಣ್ಣಕ್ಷರದಲ್ಲಿ 200 ಮಿಲಿಗ್ರಾಂ ಕೆಫೀನ್ ಇತ್ತು. ಎರಡು ಲೋಟ ಸ್ಟ್ರಾಂಗ್ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದಂತೆ.

ಕುಡಿದ ಹತ್ತಿಪ್ಪತ್ತು ನಿಮಿಷದಲ್ಲಿ ಮುಖ, ಕಿವಿ, ಕೈ ಜುಮ್ಮೆನ್ನುವುದು ರಕ್ತ ಸಂಚಾರ ಹೆಚ್ಚಿದ ಗುರುತು ಎಂದು ಹುಡುಗರು ನಂಬಿದ್ದಾರೆ. ಅಲ್ಲ, ಅದು ಬೀಟಾ-ಅಲನಿನ್ ಚರ್ಮದ ನರತುದಿಗಳನ್ನು ಕೆಣಕುವುದರಿಂದ. ಆ ವಸ್ತು ನಿಷ್ಪ್ರಯೋಜಕವೇನಲ್ಲ: ದಿನಕ್ಕೆ 3ರಿಂದ 6 ಗ್ರಾಂನಂತೆ ನಾಲ್ಕು ವಾರಕ್ಕೂ ಹೆಚ್ಚು ತೆಗೆದುಕೊಂಡರೆ ಸ್ನಾಯುವಿನಲ್ಲಿ ಆಮ್ಲೀಯತೆಯನ್ನು ತಡೆಯುವ ಕಾರ್ನೊಸಿನ್ ಎಂಬ ವಸ್ತು ಹೆಚ್ಚಿ, ಒಂದರಿಂದ ನಾಲ್ಕು ನಿಮಿಷ ಉಸಿರುಗಟ್ಟಿ ಮಾಡುವ ಶ್ರಮದಲ್ಲಿ ಸ್ವಲ್ಪ ನೆರವಾಗುತ್ತದೆ. ರಕ್ತನಾಳಕ್ಕೂ ಅದಕ್ಕೂ ಸಂಬಂಧವಿಲ್ಲ. ಬಿಸಿಎಎ ಎಂಬ ಮೂರು ಅಮೈನೋ ಆಮ್ಲಗಳ ಪುಡಿಯ ಬಗ್ಗೆ ಕೇಳುವವರಿಗೆ, ಬೇಳೆ, ಹಾಲು, ಮೊಟ್ಟೆ ಸಾಕಷ್ಟು ತಿನ್ನುವವರಿಗೆ ಅದು ಹೊರೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2018ರಲ್ಲಿ, ಪ್ರದರ್ಶನವನ್ನು ನೇರವಾಗಿ ಹೆಚ್ಚಿಸುತ್ತವೆ ಎನ್ನಲು ಒಳ್ಳೆಯ ಆಧಾರವಿರುವ ಪೂರಕಗಳೆಂದು ಐದನ್ನು ಮಾತ್ರ ಹೆಸರಿಸಿದರು: ಕೆಫೀನ್, ಕ್ರಿಯೇಟಿನ್, ನೈಟ್ರೇಟ್, ಬೀಟಾ-ಅಲನಿನ್, ಸೋಡಿಯಂ ಬೈಕಾರ್ಬನೇಟ್. ಆರ್ಜಿನಿನ್ ಆಗಲಿ ಸಿಟ್ರುಲಿನ್ ಆಗಲಿ ಅದರಲ್ಲಿ ಇಲ್ಲ. ಇದರಲ್ಲಿ ನೈಟ್ರೇಟ್ ನಮ್ಮ ವಿಷಯಕ್ಕೆ ಸಮೀಪದ್ದು. ದೇಹ ನೈಟ್ರಿಕ್ ಆಕ್ಸೈಡನ್ನು ಆರ್ಜಿನಿನ್ ಇಲ್ಲದೆಯೂ ಮಾಡಬಲ್ಲದು. ಬೀಟ್‌ರೂಟ್ ಮತ್ತು ಸೊಪ್ಪುಗಳಲ್ಲಿರುವ ನೈಟ್ರೇಟ್ ರಕ್ತಕ್ಕೆ ಸೇರಿ, ಲಾಲಾರಸದ ಮೂಲಕ ಮತ್ತೆ ಬಾಯಿಗೆ ಬರುತ್ತದೆ. ನಾಲಿಗೆಯ ಹಿಂಭಾಗದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ. ನುಂಗಿದ ನೈಟ್ರೈಟ್ ಆಮ್ಲಜನಕ ಕಡಿಮೆಯಿರುವ ಕಡೆ, ಅಂದರೆ ದುಡಿಯುವ ಸ್ನಾಯುವಿನಲ್ಲಿಯೇ, ನೈಟ್ರಿಕ್ ಆಕ್ಸೈಡ್ ಆಗುತ್ತದೆ. 2009ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಎಂಟು ಗಂಡಸರಿಗೆ ಆರು ದಿನ ದಿನಕ್ಕೆ ಅರ್ಧ ಲೀಟರ್ ಬೀಟ್‌ರೂಟ್ ರಸ ಕುಡಿಸಿ ಸೈಕಲ್ ತುಳಿಸಿದಾಗ, ಅದೇ ಕೆಲಸಕ್ಕೆ ಕಡಿಮೆ ಆಮ್ಲಜನಕ ಸಾಕಾಯಿತು, ಹೆಚ್ಚು ಹೊತ್ತು ತುಳಿಯಲೂ ಸಾಧ್ಯವಾಯಿತು. ಚೆನ್ನಾಗಿ ಪಳಗಿದ ಕ್ರೀಡಾಪಟುಗಳಲ್ಲಿ ಈ ಲಾಭ ಕುಗ್ಗುತ್ತದೆ. ಬ್ಯಾಕ್ಟೀರಿಯಾ ಕೊಲ್ಲುವ ಮೌತ್‌ವಾಶ್ ಬಳಸುವವರಲ್ಲಂತೂ ಈ ದಾರಿ ಬಹುಪಾಲು ಮುಚ್ಚಿಹೋಗುತ್ತದೆ. ಇಲ್ಲೊಂದು ಅಡುಗೆಮನೆಯ ಮಾತು. ನೈಟ್ರೇಟ್ ನೀರಿನಲ್ಲಿ ಕರಗುತ್ತದೆ. ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಅದರ ಒಳ್ಳೆಯ ಪಾಲು ಮೋರಿಗೆ ಹೋಗುತ್ತದೆ. ಬೇಳೆ-ಸೊಪ್ಪು ಬಸಿದ ಕಟ್ಟಿನಿಂದಲೇ ಬಸ್ಸಾರು ಮಾಡಿ, ಬಸಿದ ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುವ ಹಳೇ ಮೈಸೂರಿನ ಮನೆಗಳಲ್ಲಿ ಆ ನಷ್ಟವಿಲ್ಲ. ಇದನ್ನು ಕೇಳಿ ನಮ್ಮ ಅಜ್ಜಿಯರಿಗೆ ಎಲ್ಲವೂ ಗೊತ್ತಿತ್ತು ಎಂದು ಹೊರಡಬೇಡಿ. ಕಟ್ಟು ರುಚಿಯಾಗಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು, ಅಷ್ಟು ಸಾಕು.

ಸ್ಪರ್ಧೆಗಳಿಗೆ ಹೋಗುವ ಮಕ್ಕಳು ಇಲ್ಲಿದ್ದರೆ ಅವರಿಗೊಂದು ಮಾತು. ಆರ್ಜಿನಿನ್, ಸಿಟ್ರುಲಿನ್ ನಿಷೇಧಿತ ವಸ್ತುಗಳಲ್ಲ. ಅಪಾಯವಿರುವುದು ಪಟ್ಟಿಯಲ್ಲಿ ಬರೆಯದೆ ಬೆರೆಸಿದ್ದರಲ್ಲಿ. 2010ರಲ್ಲಿ, ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮುಂಚೆ, ನಮ್ಮ ದೇಶದ ಹಲವು ಕ್ರೀಡಾಪಟುಗಳು ಮೀಥೈಲ್‌ಹೆಕ್ಸನಮೀನ್ ಎಂಬ ಉದ್ರೇಕಕಾರಿಯ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಪ್ರೀ-ವರ್ಕೌಟ್ ಪುಡಿಗಳಲ್ಲಿ ಆ ದಿನಗಳಲ್ಲಿ ಧಾರಾಳವಾಗಿ ಸಿಗುತ್ತಿದ್ದ ವಸ್ತು ಅದು. ಡಬ್ಬದ ಮೇಲೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇದೆಯೇ, ಪ್ರತಿಯೊಂದು ವಸ್ತುವಿನ ಪ್ರಮಾಣ ಗ್ರಾಂಗಳಲ್ಲಿ ಬಿಡಿಬಿಡಿಯಾಗಿ ಇದೆಯೇ, ಇಲ್ಲ ‘ವಿಶೇಷ ಮಿಶ್ರಣ’ ಎಂದು ಒಟ್ಟು ತೂಕ ಮಾತ್ರ ಬರೆದಿದೆಯೇ ಎಂದು ನೋಡಿ. ಇಂಥ ಪೂರಕಗಳ ಮೇಲೆ ‘ಔಷಧವಾಗಿ ಬಳಸತಕ್ಕದ್ದಲ್ಲ’ ಎಂಬ ಅರ್ಥದ ಸಾಲು ಇರಲೇಬೇಕೆಂದು ನಿಯಮವಿದೆ. ಭಾವ ಕನ್ನಡಕ ಹಾಕಿಕೊಂಡು ಆ ಸಾಲನ್ನು ತಾವೇ ಹುಡುಕಿ ಓದಿದರು.

ಭಾವನಿಗೆ ನಾನು ಹೇಳಿದ ಉಪಾಯವೂ ಎಂಡೋಥೀಲಿಯಂನ ಪಾಠದಿಂದಲೇ ಬಂದದ್ದು. ರಕ್ತ ಜೋರಾಗಿ ಹರಿಯುವಾಗ ನಾಳದ ಒಳಮೈಯನ್ನು ಸವರಿಕೊಂಡು ಹೋಗುತ್ತದೆ. ಆ ಸವರುವಿಕೆಯೇ ನೈಟ್ರಿಕ್ ಆಕ್ಸೈಡ್ ಮಾಡುವ ಕಿಣ್ವವನ್ನು ಎಚ್ಚರಿಸುತ್ತದೆ, ದಿನವೂ ಹೀಗಾಗುತ್ತಿದ್ದರೆ ಜೀವಕೋಶಗಳು ಆ ಕಿಣ್ವವನ್ನೇ ಹೆಚ್ಚು ತಯಾರಿಸತೊಡಗುತ್ತವೆ. ಪುಡಿ ಕಚ್ಚಾ ಸಾಮಗ್ರಿಯನ್ನು ತಂದು ಸುರಿಯುತ್ತದೆ, ನಡಿಗೆ ಕಾರ್ಖಾನೆಯನ್ನು ದೊಡ್ಡದು ಮಾಡುತ್ತದೆ. ಹೃದ್ರೋಗ ತಜ್ಞರು ಅನುಮತಿಸಿದಷ್ಟು ವೇಗದಲ್ಲಿ ಅವರು ಈಗ ದಿನಾ ಬೆಳಗ್ಗೆ 40 ನಿಮಿಷ ನಡೆಯುತ್ತಾರೆ. ಸೋದರಳಿಯನಿಗೆ, ಆರೋಗ್ಯವಂತನಾದ ನೀನು ಸಿಟ್ರುಲಿನ್ ತೆಗೆದುಕೊಂಡರೆ ಕೆಡುವುದೇನಿಲ್ಲ, ಆದರೆ 2 ಗ್ರಾಂಗೆ ದುಡ್ಡು ಸುರಿಯಬೇಡ, ಸಂಜೆ ಆರರ ಮೇಲೆ ಆ ಕೆಫೀನ್ ಕುಡಿದು ರಾತ್ರಿ ನಿದ್ದೆ ಬರುವುದಿಲ್ಲವೆಂದು ದೂರಬೇಡ ಎಂದೆ. ಡಬ್ಬವನ್ನು ಮುಗಿಸಿಯೇ ಬಿಡುವುದು ಎಂದು ಅವನ ನಿರ್ಧಾರ.

ಕೊನೆಯಲ್ಲಿ ಒಬ್ಬ ತಾಯಿ, ಗರ್ಭಿಣಿಯಾದ ತಮ್ಮ ಮಗಳಿಗೆ ವೈದ್ಯರು ಆರ್ಜಿನಿನ್ ಪೊಟ್ಟಣ ಬರೆದುಕೊಟ್ಟಿದ್ದಾರೆ, ಅದನ್ನು ನಿಲ್ಲಿಸಬೇಕೇ ಎಂದು ಕೇಳಿದರು. ದಯವಿಟ್ಟು ನನ್ನ ಮಾತು ಕೇಳಿ ನಿಲ್ಲಿಸಬೇಡಿ. ಗರ್ಭಕೋಶದ ಕಡೆಗೆ ರಕ್ತದ ಹರಿವು ಕಡಿಮೆಯಾಗಿ ಮಗು ಬೆಳೆಯದಿರುವಾಗ, ತಾಯಿಗೆ ರಕ್ತದೊತ್ತಡ ಏರುವ ಸಂಭವವಿರುವಾಗ ವೈದ್ಯರು ಅದನ್ನು ಬರೆಯುವುದುಂಟು. ಮೆಕ್ಸಿಕೋ ನಗರದಲ್ಲಿ ಅಂಥ ಅಪಾಯವಿದ್ದ ಗರ್ಭಿಣಿಯರಿಗೆ ಆರ್ಜಿನಿನ್ ಮತ್ತು ಕೆಲವು ಜೀವಸತ್ವಗಳನ್ನು ಸೇರಿಸಿ ಕೊಟ್ಟ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗರ್ಭನಂಜು ಕಡಿಮೆಯಾದದ್ದು ಕಂಡುಬಂದಿದೆ. ಬರೆದುಕೊಟ್ಟವರು ಪ್ರತಿ ಭೇಟಿಯಲ್ಲಿಯೂ ಆಕೆಯ ಒತ್ತಡ ನೋಡುತ್ತಿದ್ದಾರೆ, ಸ್ಕ್ಯಾನ್ ಮಾಡಿಸುತ್ತಿದ್ದಾರೆ. ಮುಂದಿನ ಸಲ ಹೋದಾಗ ಎಷ್ಟು ದಿನ ಮುಂದುವರಿಸಬೇಕೆಂದು ಅವರನ್ನೇ ಕೇಳಿ.